ಮೀನಿನ ಮೂಗು ಮತ್ತು ನಮ್ಮ ಮೈಲುತುತ್ತ



ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಮೀನಿನ ಸಮಾಚಾರವೇಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಧಾರಣೆ, ಗೊಬ್ಬರ, ಬೆಳೆಸಾಲ ಇವುಗಳ ನಡುವೆ ಮೀನಿಗೆ ಎಡೆಯೆಲ್ಲಿ? ಆದರೆ ಈ ಸಲದ ವಿಷಯ ಮೀನಿನಿಂದ ಶುರುವಾದರೂ ಬಂದು ನಿಲ್ಲುವುದು ನಮ್ಮ ತೋಟದ ಔಷಧಿ ಪೀಪಾಯಿಯ ಬುಡದಲ್ಲಿ. ಆದುದರಿಂದ ಮುಂಗಾರಿನ ಮೊದಲ ಔಷಧಿ ಹೊಡೆಯುವುದಕ್ಕೆ ಮುಂಚೆ ಸದಸ್ಯರು ಇದನ್ನು ತಾಳ್ಮೆಯಿಂದ ಓದಬೇಕಾಗಿ ಕೋರಿಕೆ.

ಕಳೆದ ಮಾರ್ಚ್ ತಿಂಗಳಲ್ಲಿ ನಾವು ಬೆಳಗಾವಿ ಜಿಲ್ಲೆಯ ಗೋಕಾಕದ ಕಡೆಗೆ ಹೋಗಬೇಕಾಯಿತು. ಧಾರವಾಡದ ಕೃಷಿ ಕಾಲೇಜಿನಲ್ಲಿ ನಮ್ಮೊಡನೆ ಒಂದೇ ಕೋಣೆಯಲ್ಲಿದ್ದ ಸಹಪಾಠಿಯೊಬ್ಬರು ಅಲ್ಲಿಯ ಮೇಲವಂಕಿಯವರು. ಕಬ್ಬು, ಗೋವಿನಜೋಳ ಬೆಳೆಯುವ ರೈತರು. ಮಗಳ ಮದುವೆಗೆ ಕರೆದಿದ್ದರು. ಮದುವೆ ಮುಗಿದ ಮೇಲೂ ಎರಡು ದಿನ ಬಿಡದೆ ಇರಿಸಿಕೊಂಡರು.

ಆ ಸೀಮೆ ಘಟಪ್ರಭೆಯದು. ಈ ನದಿ ಹುಟ್ಟುವುದು ನಮ್ಮ ಸಹ್ಯಾದ್ರಿಯಲ್ಲೇ, ಮಹಾರಾಷ್ಟ್ರದ ಭಾಗದಲ್ಲಿ. ಹಿಡಕಲ್ ಅಣೆಕಟ್ಟಿನಲ್ಲಿ ತಂಗಿ, ಗೋಕಾಕದ ಬಳಿ 52 ಮೀಟರ್ ಕೆಳಕ್ಕೆ ಧುಮುಕಿ, ಬಯಲಿಗಿಳಿದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ನಮ್ಮ ತುಂಗೆಯೂ ಭದ್ರೆಯೊಡನೆ ಕೂಡಿ ಕಟ್ಟಕಡೆಗೆ ಸೇರುವುದು ಕೃಷ್ಣೆಯನ್ನೇ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನೀರು ನುಗ್ಗಿದ್ದು ಅನೇಕರಿಗೆ ನೆನಪಿರಬಹುದು.

ಹೊಂಡದ ದಂಡೆಯ ಮೇಲೆ

ಗೆಳೆಯರ ಹೊಲದಲ್ಲಿ ಒಂದು ಕೃಷಿಹೊಂಡವಿದೆ. ಸುಮಾರು ಹತ್ತು ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಬೆಳಿಗ್ಗೆ ತೌಡು, ಶೇಂಗಾ ಹಿಂಡಿ ಚೆಲ್ಲಿದರೆ ನೀರು ಕುದಿಯುವ ಹಾಗೆ ಮೀನು ಮೇಲಕ್ಕೆ ಬರುತ್ತಿದ್ದವಂತೆ. ಬಿಸಿಲು ಏರುತ್ತಿದ್ದಂತೆ ಹೊಂಡದ ತುಂಬ ಹಸಿರು ಪಾಚಿ ಕಟ್ಟಿತು. ಯಾರೋ ಹೇಳಿದರೆಂದು ಅರ್ಧ ಕಿಲೋ ಮೈಲುತುತ್ತವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಹೊಂಡದಲ್ಲೆಲ್ಲ ಎಳೆದಾಡಿಸಿದ್ದರು. ಪಾಚಿ ಸತ್ತಿತು. ಮೀನು ಸಾಯಲಿಲ್ಲ. ಆದರೆ ನಾವು ಹೋದ ಬೆಳಿಗ್ಗೆ ಗೆಳೆಯರು ಎರಡು ಬೊಗಸೆ ಹಿಂಡಿ ಚೆಲ್ಲಿದರೂ ನೀರು ಅಲುಗಾಡಲಿಲ್ಲ. ಆಚೆ ದಂಡೆಯಲ್ಲಿ ನಾಲ್ಕೈದು ಬೆಳ್ಳಕ್ಕಿಗಳು ಆರಾಮವಾಗಿ ನಿಂತು, ಒಂದಾದ ಮೇಲೊಂದು ಮರಿಯನ್ನು ಎತ್ತುತ್ತಿದ್ದವು.

“ಒಂದ ಮೀನಾನೂ ಸತ್ತಿಲ್ಲ ನೋಡಪಾ,” ಎಂದರು ಗೆಳೆಯರು. “ಆದ್ರ ಹಿಂಡಿ ಒಗದ್ರ ಒಂದೂ ಮ್ಯಾಲ ಬರವಲ್ದು. ಹಕ್ಕಿ ಬಂದ್ರ ಓಡವಲ್ದು. ಕಣ್ಣ ಹೋಗ್ಯಾವೋ, ಮೂಗ ಹೋಗ್ಯಾವೋ ತಿಳೀವಲ್ದು.”

“ಎಷ್ಟು ಹಾಕಿದ್ದೆ ಮಾರಾಯಾ?” ಎಂದು ಕೇಳಿದೆವು. ಲೆಕ್ಕ ಹೇಳಿದರು. ಆಮೇಲೆ ನಮ್ಮ ಮುಖ ನೋಡಿ ಒಂದು ಪ್ರಶ್ನೆ ಹಾಕಿದರು: “ನಾ ಅರ್ಧ ಕಿಲೋಕ್ಕ ಇಷ್ಟ ಆತು. ನೀವು ಮಲೆನಾಡಾಗ ವರ್ಷಾ ಚೀಲಗಟ್ಟಲೆ ಇದನ್ನ ಹೊಡೀತೀರಿ. ನಿಮ್ಮ ಹಳ್ಳದಾಗಿನ ಮೀನ ಹೆಂಗ ಅದಾವೋ?”

ವರ್ಷವರ್ಷವೂ ಮೇ ತಿಂಗಳಲ್ಲಿ ಸದಸ್ಯರಿಗೆ ಮೈಲುತುತ್ತ ತೂಗಿಸಿ ಕೊಡುವ ಸಂಘದ ಕಾರ್ಯದರ್ಶಿಯಾದ ನಮಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ಮೇಲೆ ಓದಿ ತಿಳಿದದ್ದನ್ನು ಇಲ್ಲಿ ಸದಸ್ಯರ ಮುಂದೆ ಇಡುತ್ತಿದ್ದೇವೆ. ಗೆಳೆಯರ ಹೊಂಡದಲ್ಲಿ ಸತ್ತ ಪಾಚಿ ಕೊಳೆತು ನೀರಿನ ಪ್ರಾಣವಾಯು ಕಡಿಮೆಯಾದದ್ದೂ ಮೀನು ಮೇವು ಬಿಡಲು ಒಂದು ಕಾರಣವಾಗಿರಬಹುದು. ಆದರೆ ‘ಮೂಗು ಹೋಗಿದೆಯೋ’ ಎಂದು ಅವರು ತಮಾಷೆಗೆ ಆಡಿದ ಮಾತು ವಿಜ್ಞಾನಕ್ಕೆ ಬಹಳ ಹತ್ತಿರದ್ದು ಎಂಬುದು ಓದಿದಂತೆಲ್ಲ ಸ್ಪಷ್ಟವಾಯಿತು.

ಮೀನಿಗೆ ಮೂಗು ಏಕೆ?

ಮೀನು ಮೂಗಿನಿಂದ ಉಸಿರಾಡುವುದಿಲ್ಲ, ಆ ಕೆಲಸ ಕಿವಿರುಗಳದ್ದು. ಮೂಗು ಇರುವುದು ವಾಸನೆಗೆ ಮಾತ್ರ. ಮೂತಿಯ ಮೇಲಿನ ಸಣ್ಣ ಹೊಳ್ಳೆಗಳ ಒಳಗೆ ಹೂವಿನ ದಳಗಳಂತೆ ಮಡಿಕೆ ಮಡಿಕೆಯಾದ ತೆಳು ಚರ್ಮವಿರುತ್ತದೆ. ನೀರು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವಾಗ ಆ ಮಡಿಕೆಗಳನ್ನು ಸವರಿಕೊಂಡು ಹೋಗುತ್ತದೆ. ಅಲ್ಲಿರುವ ನರಕೋಶಗಳು ವಾಸನೆಯನ್ನು ಹಿಡಿದು ನೇರವಾಗಿ ಮಿದುಳಿಗೆ ಮುಟ್ಟಿಸುತ್ತವೆ. ಶರೀರದ ಉಳಿದ ನರಗಳಿಗೆಲ್ಲ ಚರ್ಮ, ಮಾಂಸ, ಎಲುಬುಗಳ ರಕ್ಷಣೆಯುಂಟು. ಈ ನರಗಳ ತುದಿ ಮಾತ್ರ ಬಯಲಿಗೆ ತೆರೆದುಕೊಂಡಿದೆ. ನೀರಿನಲ್ಲಿ ಏನು ಕರಗಿದೆಯೋ ಅದೆಲ್ಲ ಇದನ್ನು ಮುಟ್ಟಿಯೇ ಮುಟ್ಟುತ್ತದೆ. ಮೀನಿನ ಬಲ ಇರುವುದೂ ಇಲ್ಲೇ, ದೌರ್ಬಲ್ಯ ಇರುವುದೂ ಇಲ್ಲೇ.

ಮಳೆಗಾಲದ ಕೆಂಪು ನೀರಿನಲ್ಲಿ ಕಣ್ಣು ಮೊಳದಾಚೆಗೆ ನಡೆಯದು. ಮೇವು ಎಲ್ಲಿದೆ, ಜೊತೆಗಾರ ಎಲ್ಲಿದ್ದಾನೆ, ವೈರಿ ಬಂದನೇ, ಹುಟ್ಟಿದ ಹಳ್ಳ ಯಾವುದು, ಇವನ್ನೆಲ್ಲ ಅನೇಕ ಮೀನುಗಳು ತಿಳಿಯುವುದು ಮೂಗಿನಿಂದ. ಇದಲ್ಲದೆ ಮೈಯ ಎರಡು ಪಕ್ಕದಲ್ಲೂ ಒಂದೊಂದು ಗೆರೆ ಕಾಣುತ್ತದಲ್ಲ, ಅದು ಬರಿಯ ಗುರುತಲ್ಲ. ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುವ ಅಂಗ ಅದು. ಅದರೊಳಗಿನ ಕೂದಲಿನಂಥ ಕೋಶಗಳು ನಮ್ಮ ಒಳಗಿವಿಯ ಕೋಶಗಳನ್ನು ಹೋಲುತ್ತವೆ. ಮೀಸೆಯ ಮೀನುಗಳಿಗಂತೂ ಮೀಸೆಯಲ್ಲೇ ನಾಲಗೆ. ಕೆಲವು ಜಾತಿಗಳಲ್ಲಿ ಮೈಮೇಲೆಲ್ಲ ಸೇರಿ ಒಂದು ಲಕ್ಷಕ್ಕೂ ಮೇಲೆ ರುಚಿಯ ಮೊಗ್ಗುಗಳಿರುತ್ತವೆ.

ಜೇನ್ನೊಣಗಳ ಕುಣಿತದ ಭಾಷೆಯನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡ ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ ಮೀನಿನ ಮೇಲೂ ಕೆಲಸ ಮಾಡಿದ್ದರು. ಗಾಯವಾದ ಒಂದು ಸಣ್ಣ ಹೊಳೆಮೀನನ್ನು ಅದರ ಗುಂಪಿಗೆ ಬಿಟ್ಟಾಗ ಉಳಿದವೆಲ್ಲ ಬೆಚ್ಚಿ ಚದುರಿದ್ದನ್ನು ಅವರು ಕಂಡರು. ಹರಿದ ಚರ್ಮದಿಂದ ನೀರಿಗೆ ಇಳಿದ ಏನೋ ಒಂದು ಪದಾರ್ಥದ ವಾಸನೆಯೇ ಇದಕ್ಕೆ ಕಾರಣವೆಂದು 1938ರಲ್ಲಿ ತಿಳಿಸಿದರು. ‘ನಮ್ಮವನೊಬ್ಬ ವೈರಿಯ ಬಾಯಿಗೆ ಬಿದ್ದ, ಓಡಿ’ ಎಂಬ ಕೂಗು ಅದು. ಗೆಂಡೆಯ ಬಳಗ, ಮೀಸೆಮೀನಿನ ಬಳಗಗಳಲ್ಲಿ ಈ ಅಪಾಯದ ವಾಸನೆ ಸಾಮಾನ್ಯ. ನಮ್ಮ ಹಳ್ಳಗಳ ಮೀನುಗಳಲ್ಲಿ ಹೆಚ್ಚಿನವು ಈ ಬಳಗಗಳಿಗೇ ಸೇರಿದವು.

ಇನ್ನು ದಾರಿ ಹಿಡಿಯುವ ಸಂಗತಿ. ಅಮೆರಿಕದ ಆರ್ಥರ್ ಹ್ಯಾಸ್ಲರ್ ಎಂಬವರು ಹುಟ್ಟೂರಿನ ಬೆಟ್ಟ ಹತ್ತುತ್ತಿದ್ದಾಗ, ಜಲಪಾತವೊಂದು ಕಣ್ಣಿಗೆ ಬೀಳುವ ಮೊದಲೇ ಅಲ್ಲಿಯ ಹಾವಸೆ, ಹೂಗಳ ವಾಸನೆ ಬಂದು ಮರೆತಿದ್ದ ಬಾಲ್ಯವೆಲ್ಲ ಮರುಕಳಿಸಿತಂತೆ. ಸಮುದ್ರದಿಂದ ಸಾಲ್ಮನ್ ಮೀನು ಹುಟ್ಟಿದ ಹಳ್ಳಕ್ಕೆ ಮರಳುವುದೂ ಹೀಗೆಯೇ ಇರಬಹುದೇ ಎಂದು ಅವರು ಯೋಚಿಸಿದರು. ಜೊತೆಗಾರ ವಿಸ್ಬಿಯವರೊಡನೆ, ಒಂದೇ ಹೊಳೆಯ ಎರಡು ಕವಲುಗಳಲ್ಲಿ ಹಿಡಿದ ಮೀನುಗಳನ್ನು ಕೂಡುಹೊಳೆಯ ಕೆಳಕ್ಕೆ ಒಯ್ದು ಬಿಟ್ಟರು. ಕೆಲವಕ್ಕೆ ಹೊಳ್ಳೆಗೆ ಹತ್ತಿ ತುರುಕಿದ್ದರು. ಹತ್ತಿಯಿಲ್ಲದವು ಬಹುಪಾಲು ತಮ್ಮ ತಮ್ಮ ಕವಲಿಗೇ ಮರಳಿದವು. ಹತ್ತಿ ಇದ್ದವು ಸಿಕ್ಕಸಿಕ್ಕ ಕವಲು ಹಿಡಿದವು. ಇದು ಪ್ರಕಟವಾದದ್ದು 1954ರಲ್ಲಿ.

ಎರಡು ಮೈಕ್ರೋಗ್ರಾಂ

ಈಗ ತಾಮ್ರದ ಮಾತಿಗೆ ಬರೋಣ. ಮೈಲುತುತ್ತವೆಂದರೆ ತಾಮ್ರದ ಉಪ್ಪು. ಅದರ ತೂಕದ ಕಾಲು ಭಾಗ ತಾಮ್ರ. ತಾಮ್ರ ಹೆಚ್ಚಾದರೆ ಮೀನು ಸಾಯುವುದು ಹಳೆಯ ಸಂಗತಿ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ವಿಜ್ಞಾನಿಗಳು ಎಷ್ಟು ತಾಮ್ರಕ್ಕೆ ಮೀನು ಸಾಯುತ್ತದೆ ಎಂದು ಕೇಳುವುದನ್ನು ಬಿಟ್ಟು, ಎಷ್ಟು ತಾಮ್ರಕ್ಕೆ ಅದರ ಮೂಗು ಮಂಕಾಗುತ್ತದೆ ಎಂದು ಕೇಳಿದರು. ಮರಿ ಸಾಲ್ಮನ್‌ಗಳ ಮೂಗಿನ ನರಕ್ಕೆ ಸೂಕ್ಷ್ಮ ತಂತಿ ಮುಟ್ಟಿಸಿ, ವಾಸನೆ ಬಂದಾಗ ಹರಿಯುವ ವಿದ್ಯುತ್ತನ್ನು ಅಳೆದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ನೀರಿನಲ್ಲಿ ಮೊದಲಿದ್ದ ತಾಮ್ರದ ಮೇಲೆ ಲೀಟರಿಗೆ ಎರಡು ಮೂರು ಮೈಕ್ರೋಗ್ರಾಂ ಹೆಚ್ಚಾದರೆ ಸಾಕು, ನಿಮಿಷಗಳೊಳಗೆ ಮೂಗು ಮಂಕಾಗತೊಡಗುತ್ತದೆ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ.

ಮೂಗು ಮಂಕಾದರೆ ನಡತೆಯೂ ಕೆಡುತ್ತದೆಯೇ? 2007ರ ಇನ್ನೊಂದು ಅಧ್ಯಯನದಲ್ಲಿ ಮರಿಗಳನ್ನು ಮೂರು ಗಂಟೆ ಕಾಲ ಬೇರೆ ಬೇರೆ ಪ್ರಮಾಣದ ತಾಮ್ರದ ನೀರಿನಲ್ಲಿ ಇಟ್ಟು, ಆಮೇಲೆ ಅಪಾಯದ ವಾಸನೆ ಬಿಟ್ಟು ನೋಡಿದರು. ಚೊಕ್ಕ ನೀರಿನ ಮರಿಗಳು ತಕ್ಷಣ ಕದಲದೆ ನಿಂತವು. ಕದಲಿದ್ದು ವೈರಿಯ ಕಣ್ಣಿಗೆ ಬೀಳುತ್ತದೆ, ಆದುದರಿಂದ ನಿಲ್ಲುವುದೇ ಅವುಗಳ ಉಪಾಯ. ಲೀಟರಿಗೆ 2 ಮೈಕ್ರೋಗ್ರಾಂ ತಾಮ್ರ ಸೋಂಕಿದ ಮರಿಗಳಲ್ಲೇ ಈ ಎಚ್ಚರ ಕುಂದಿತ್ತು. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಮರಿಗಳನ್ನು ನಿಜವಾದ ಬೇಟೆಮೀನಿನೊಡನೆ ಬಿಟ್ಟಾಗ, ಚೊಕ್ಕ ನೀರಿನ ಮರಿಗಳಿಗಿಂತ ಬೇಗ ಬಾಯಿಗೆ ಸಿಕ್ಕವು. ಇಲ್ಲಿ ಮರಿಗಳನ್ನು ತಾಮ್ರ ಕೊಲ್ಲಲಿಲ್ಲ, ಕೊಂದದ್ದು ಬೇಟೆಮೀನು. ಬಾಗಿಲು ತೆರೆದು ಕೊಟ್ಟದ್ದು ಮಾತ್ರ ತಾಮ್ರ. ಮೇಲವಂಕಿಯ ಬೆಳ್ಳಕ್ಕಿಗಳು ನಮಗೆ ನೆನಪಾದದ್ದು ಇದನ್ನು ಓದಿದಾಗ.

ಪಕ್ಕದ ಗೆರೆಯ ಕೋಶಗಳೂ ಕರಗಿದ ತಾಮ್ರಕ್ಕೆ ಸಾಯುತ್ತವೆಂದು 2006ರಲ್ಲಿ ಜೀಬ್ರಾಮೀನಿನಲ್ಲಿ ತೋರಿಸಲಾಯಿತು. ಇದು ನಮ್ಮ ದೇಶದ ಹಳ್ಳ, ಗದ್ದೆಗಳಲ್ಲೇ ಇರುವ ಬೆರಳುದ್ದದ ಮೀನು. 2005ರ ಒಂದು ಅಧ್ಯಯನವಂತೂ ಇನ್ನೂ ಯೋಚನೆಗೆ ಹಚ್ಚುವಂಥದ್ದು: ಮೊಟ್ಟೆಯೊಳಗಿರುವಾಗ ತಾಮ್ರದ ನೀರಿನಲ್ಲಿ ಬೆಳೆದ ಮರಿಗಳು ಮುಂದೆ ಚೊಕ್ಕ ನೀರಿಗೆ ಬಂದ ಮೇಲೂ ಅಪಾಯದ ವಾಸನೆಗೆ ಬೆಚ್ಚಲಿಲ್ಲ.

ಸಮಾಧಾನದ ಮಾತೂ ಇದೆ. ದೊಡ್ಡ ಮೀನಿನ ಮೂಗಿನ ನರಕೋಶ ಸತ್ತರೆ ಮತ್ತೆ ಹುಟ್ಟುತ್ತದೆ. ಸ್ವಲ್ಪ ತಾಮ್ರ ಸ್ವಲ್ಪ ಹೊತ್ತು ತಾಗಿದ್ದರೆ ಗಂಟೆಗಳಲ್ಲಿ, ಹೆಚ್ಚಾಗಿ ತಾಗಿದ್ದರೆ ವಾರಗಳಲ್ಲಿ ಮೂಗು ಮರಳುತ್ತದೆ. ಆದರೆ ಅಷ್ಟು ದಿನ ಬೆಳ್ಳಕ್ಕಿ ಕಾಯಬೇಕಲ್ಲ!

ಪೀಪಾಯಿಯ ಲೆಕ್ಕ

ನಮ್ಮ ಲೆಕ್ಕಕ್ಕೆ ಇದನ್ನು ಇಳಿಸಿ ನೋಡೋಣ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿಕೊಳ್ಳುತ್ತೇವೆ. ಸುಣ್ಣ ಸೇರುವ ಮುಂಚಿನ ನೀಲಿ ನೀರಿನ ಪ್ರತಿ ಲೀಟರಿನಲ್ಲಿ 20 ಗ್ರಾಂ ಮೈಲುತುತ್ತ, ಅಂದರೆ 5 ಗ್ರಾಂ ತಾಮ್ರವಿದೆ. ಅದೆಲ್ಲವೂ ಪೂರಾ ಕರಗಿದ ತಾಮ್ರ. ಪೀಪಾಯಿಯ ತಳದಲ್ಲಿ ಉಳಿದ ಇಂಥ ಒಂದೇ ಲೀಟರನ್ನು ಹಳ್ಳದಲ್ಲಿ ತೊಳೆದೆವೆನ್ನಿ. 5 ಗ್ರಾಂ ಎಂದರೆ 50 ಲಕ್ಷ ಮೈಕ್ರೋಗ್ರಾಂ. ಲೀಟರಿಗೆ 2 ಮೈಕ್ರೋಗ್ರಾಮಿನಂತೆ ಹಂಚಿದರೆ ಅದು 25 ಲಕ್ಷ ಲೀಟರ್ ನೀರಿಗೆ ಸಾಲುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಐನೂರು! ಗೆಳೆಯರ ಹೊಂಡದಲ್ಲಿ ಅರ್ಧ ಕಿಲೋ ಮೈಲುತುತ್ತ ಪೂರಾ ಕರಗಿತ್ತೆಂದರೆ, ಅದರ ತಾಮ್ರ ಲೀಟರಿಗೆ ಸುಮಾರು 125 ಮೈಕ್ರೋಗ್ರಾಂ ಆಗುತ್ತದೆ, ಎರಡರ ಅರುವತ್ತು ಪಟ್ಟು.

ಸುಣ್ಣ ಸರಿಯಾಗಿ ಸೇರಿದ ಮೇಲೆ ಚಿತ್ರ ಬದಲಾಗುತ್ತದೆ. ತಾಮ್ರದ ಬಹುಪಾಲು ಕರಗದ ರೂಪಕ್ಕೆ ತಿರುಗಿ ಎಲೆಗೆ, ಕಾಯಿಗೆ ಅಂಟುತ್ತದೆ. ಮಣ್ಣಿಗೆ ಬಿದ್ದದ್ದನ್ನು ಮಣ್ಣಿನ ಕೊಳೆತ ಸೊಪ್ಪುಸದೆ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಹಿರಿಯರು ದ್ರಾವಣದಲ್ಲಿ ಕತ್ತಿಯನ್ನು ಅದ್ದಿ ನೋಡುತ್ತಿದ್ದುದು ಎಲ್ಲರಿಗೂ ಗೊತ್ತು. ಕತ್ತಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಆ ಕೆಂಪೇ ಬಿಡಿ ತಾಮ್ರದ ಗುರುತು. ಎಲೆಯನ್ನು ಸುಡುವುದು, ಮೀನಿನ ಮೂಗನ್ನು ಕೆಡಿಸುವುದು ಎರಡೂ ಅದೇ ಬಿಡಿ ತಾಮ್ರ. ಅಂದರೆ ಮರಕ್ಕೆ ಒಳ್ಳೆಯದಾದ ದ್ರಾವಣವೇ ಮೀನಿಗೂ ಕಡಿಮೆ ಕೆಡುಕಿನದು. ಇಬ್ಬರ ಹಿತವೂ ಇಲ್ಲಿ ಒಂದೇ ಕಡೆ ಇದೆ.

ಇನ್ನೊಂದು ಹೋಲಿಕೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಲೀಟರಿಗೆ 0.05 ಮಿಲಿಗ್ರಾಂ ತಾಮ್ರವನ್ನು ಒಪ್ಪುತ್ತದೆ. ಎಂದರೆ 50 ಮೈಕ್ರೋಗ್ರಾಂ. ನಾವು ಮಕ್ಕಳಿಗೆ ನಿಶ್ಚಿಂತೆಯಿಂದ ಕುಡಿಸಬಹುದಾದ ನೀರು ಆ ಮರಿಮೀನಿನ ಮೂಗಿಗೆ 25 ಪಟ್ಟು ಹೆಚ್ಚಾಯಿತು. ‘ನೀರು ಕುಡಿಯಲು ಚೆನ್ನಾಗಿದೆ’ ಎಂಬ ಮಾತು ಮೀನಿನ ಮಟ್ಟಿಗೆ ಸಾಕ್ಷಿಯಾಗದು.

ಔಷಧಿ ಬಿಡಲಾದೀತೇ?

ಹಾಗಾದರೆ ಬೋರ್ಡೋ ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಹೇಳಿದರೂ ಯಾರೂ ಕೇಳರು, ಕೇಳಬಾರದು ಕೂಡ. ಮಳೆ ಹಿಡಿದ ಆಷಾಢದಲ್ಲಿ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿ ಬೀಳುವುದನ್ನು ಕಂಡವನಿಗೆ ಕೊಳೆರೋಗ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬವರು ಕಂಡುಹಿಡಿದು 1885ರಲ್ಲಿ ಲೋಕಕ್ಕೆ ತಿಳಿಸಿದ ಔಷಧಿ ಅದು. ಮಲೆನಾಡಿನ ಎಷ್ಟೋ ಸಣ್ಣ ಹಿಡುವಳಿಯ ಮನೆಗಳು ಇಂದಿಗೂ ನಿಂತಿರುವುದು ಅದರ ಬಲದಿಂದ. ಕಾಫಿಯ ಎಲೆತುಕ್ಕಿಗೂ ಶೇಕಡಾ ಅರ್ಧದ ಬೋರ್ಡೋವೇ ನಮ್ಮ ನಂಬಿಕೆಯ ಮದ್ದು.

ತೊಡಕು ಇರುವುದು ಹೊತ್ತಿನಲ್ಲಿ. ಅಡಿಕೆಗೆ ಮೊದಲ ಔಷಧಿ ಮುಂಗಾರು ಕಟ್ಟುವ ಮುಂಚೆ, ಎರಡನೆಯದು 40–45 ದಿನಗಳ ಮೇಲೆ. ಸರಿಯಾಗಿ ಇದೇ ದಿನಗಳಲ್ಲಿ ಹೊಸನೀರಿಗೆ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಅಗಳಿಗೆ ಏರುತ್ತದೆ. ಮೊಟ್ಟೆ ಇಡಲು ಬರುವ ಮೀನು ಅದು. ನಾವು ಪೀಪಾಯಿ ತೊಳೆಯುವ ಹಳ್ಳವೇ ಅದರ ಹೆರಿಗೆ ಮನೆ. ದೊಡ್ಡ ಹೊಳೆಯಲ್ಲಿ ತಾಮ್ರ ತೆಳುವಾಗಿ ಹೋದೀತು, ಆದರೆ ಮಳೆ ಇನ್ನೂ ಬಲಿಯದ ದಿನಗಳಲ್ಲಿ ಮೊಳಕಾಲುದ್ದದ ಹಳ್ಳದಲ್ಲಿ ಎಲ್ಲಿಗೆ ಹೋಗಬೇಕು?

ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ನಮ್ಮ ತೋಟದಲ್ಲೇ ಮೂವತ್ತು ವರ್ಷ ಔಷಧಿ ಬೆರೆಸಿದ್ದು ಹಳ್ಳದ ದಂಡೆಯಲ್ಲಿ. ನೀರು ಹೊರುವ ಕೂಲಿ ಉಳಿಯುತ್ತದೆ ಎಂಬುದೇ ಕಾರಣ. ಸಂಜೆ ಕೆಲಸ ಮುಗಿದ ಮೇಲೆ ಪಂಪು, ಪೀಪಾಯಿ, ನಳಿಗೆ, ಕೈಕಾಲು ಎಲ್ಲವನ್ನೂ ಅಲ್ಲೇ ತೊಳೆಯುವುದು. ನೀರು ಒಂದು ಗಳಿಗೆ ನೀಲಿಯಾಗಿ ಆಮೇಲೆ ತಿಳಿಯಾಗುತ್ತಿತ್ತು. ತಿಳಿಯಾಯಿತು, ಇನ್ನೇನು ಚಿಂತೆ ಎಂದುಕೊಂಡಿದ್ದೆವು. ಒಂದು ಮೀನು ಸತ್ತು ತೇಲಿದ್ದನ್ನೂ ನಾವು ನೋಡಿಲ್ಲ. ಆದರೆ ನಮ್ಮ ಬಾಲ್ಯದಲ್ಲಿ ಆ ಹಳ್ಳದಲ್ಲಿ ಕಾಲಿಟ್ಟರೆ ಬೆರಳು ಕಚ್ಚಲು ಬರುತ್ತಿದ್ದ ಸಣ್ಣ ಮೀನುಗಳ ಹಿಂಡು ಈಗಿಲ್ಲ. ಅದಕ್ಕೆ ನಮ್ಮ ಪೀಪಾಯಿಯೊಂದೇ ಕಾರಣವೆಂದು ಹೇಳಲಾರೆವು. ಮರಳು ತೆಗೆದದ್ದು, ಬೇಸಿಗೆಯಲ್ಲಿ ಪಂಪು ಇಟ್ಟು ಹಳ್ಳ ಬತ್ತಿಸಿದ್ದು, ಡೈನಮೈಟು ಹಾಕಿದ್ದು ಎಲ್ಲವೂ ಇದೆ. ಪೀಪಾಯಿ ಕಾರಣವಲ್ಲ ಎಂದೂ ಇನ್ನು ಮುಂದೆ ಹೇಳಲಾರೆವು.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದಾಗ ರಾಶಿ ರಾಶಿ ಮೀನು ಸತ್ತು ನಾಡೇ ಮರುಗಿತು. ಅವುಗಳಿಗೆ ಅಲ್ಲಿ ಸ್ಮಾರಕವೂ ಇದೆ. ಸತ್ತ ಮೀನು ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ನಾಟುತ್ತದೆ. ಮೂಗು ಕಳೆದುಕೊಂಡ ಮೀನು ಮಾತ್ರ ಕಾಣುವುದಿಲ್ಲ. ಅದು ಸದ್ದಿಲ್ಲದೆ ಹಕ್ಕಿಯ, ಹಾವಿನ, ದೊಡ್ಡ ಮೀನಿನ ಹೊಟ್ಟೆಗೆ ಹೋಗುತ್ತದೆ, ಇಲ್ಲವೇ ದಾರಿ ತಪ್ಪಿ ಮೊಟ್ಟೆ ಇಡದೆ ಉಳಿಯುತ್ತದೆ.

ತಾಮ್ರವೊಂದೇ ಅಲ್ಲ

ಸಾಬೂನುಪುಡಿಯ ನೊರೆ ಲೀಟರಿಗೆ ಅರ್ಧ ಮಿಲಿಗ್ರಾಂ ಇದ್ದರೂ ಮೀಸೆಮೀನಿನ ರುಚಿಯ ಮೊಗ್ಗುಗಳು ಕೆಡುತ್ತವೆಂದು 1965ರಲ್ಲೇ ತೋರಿಸಲಾಗಿದೆ. ಡಯಾಜಿನಾನ್ ಎಂಬ ಕೀಟನಾಶಕ ಲೀಟರಿಗೆ ಒಂದು ಮೈಕ್ರೋಗ್ರಾಂ ಇದ್ದರೆ ಸಾಲ್ಮನ್ ಮರಿ ಅಪಾಯದ ವಾಸನೆಗೆ ಸರಿಯಾಗಿ ಎಚ್ಚರಗೊಳ್ಳುವುದಿಲ್ಲವೆಂದು 2000ದಲ್ಲಿ ತಿಳಿದುಬಂತು. ಬೇರುಹುಳಕ್ಕೆ, ಕಾಂಡಕೊರಕಕ್ಕೆ ನಾವು ಬಳಸಿದ ಔಷಧಿಗಳಲ್ಲಿ ಹಲವು ಇದೇ ಬಳಗದವು.

ಕಾಫಿ ಪಲ್ಪಿಂಗ್ ನೀರಿನ ದೋಷ ಬೇರೆ ಬಗೆಯದು. ಅದರ ಸಕ್ಕರೆ, ಲೋಳೆ ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರುತ್ತದೆ, ಬಣ್ಣ ನೀರನ್ನು ಕಪ್ಪಾಗಿಸುತ್ತದೆ. ಅದೂ ಡಿಸೆಂಬರಿನಿಂದಾಚೆಗೆ, ಹಳ್ಳ ಸೊರಗಿರುವ ಕಾಲದಲ್ಲಿ. ಆಫ್ರಿಕದ ವಿಕ್ಟೋರಿಯಾ ಸರೋವರದಲ್ಲಿ ನೀರು ಮಬ್ಬಾದಂತೆ ಹೆಣ್ಣುಮೀನುಗಳಿಗೆ ಸ್ವಜಾತಿಯ ಗಂಡಿನ ಬಣ್ಣ ತಿಳಿಯದೆ ಜಾತಿಗಳೇ ಬೆರೆತುಹೋಗುತ್ತಿವೆ ಎಂದು 1997ರ ಅಧ್ಯಯನವೊಂದು ತೋರಿಸಿತು. ಮಣ್ಣು ಕೊಚ್ಚಿ ಬರುವ ಕೆಂಪು ನೀರೂ ಕಣ್ಣಿಗೆ ಹೀಗೆಯೇ ಪರದೆ.

ಇದನ್ನೆಲ್ಲ ಬೇರೆ ದೇಶಗಳು ಹಗುರವಾಗಿ ಬಿಟ್ಟಿಲ್ಲ. ಮೋಟಾರು ವಾಹನಗಳ ಬ್ರೇಕಿನಿಂದ ಉದುರುವ ತಾಮ್ರದ ಪುಡಿ ಮಳೆಯೊಡನೆ ಹೊಳೆ ಸೇರುತ್ತದೆಂದು ಅಮೆರಿಕದ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ಮಾಡಿ ಬ್ರೇಕಿನ ತಾಮ್ರವನ್ನೇ ಹಂತಹಂತವಾಗಿ ಇಳಿಸಿದವು. ನಮ್ಮದು ಅದಕ್ಕಿಂತ ಸುಲಭದ ಕೆಲಸ. ತೊಳೆಯುವ ಜಾಗ ಬದಲಿಸಿದರೆ ಅರ್ಧ ಕೆಲಸ ಮುಗಿಯಿತು.

ನಾವು ಮಾಡಬಹುದಾದದ್ದು

(1) ಔಷಧಿ ಬೆರೆಸುವ ಜಾಗ ಹಳ್ಳ, ಬಾವಿ, ಕೆರೆಗಳಿಂದ ದೂರ, ಮೇಲಿನ ಸಮತಟ್ಟಿನಲ್ಲಿರಲಿ. ಸುತ್ತ ಸಣ್ಣ ಬದು ಇರಲಿ. ನೀರನ್ನು ಅಲ್ಲಿಗೆ ಪೈಪಿನಲ್ಲಿ ತರಬೇಕು, ಪೀಪಾಯಿಯನ್ನು ಹಳ್ಳಕ್ಕೆ ಒಯ್ಯಬಾರದು.

(2) ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತಾ ಸುರಿಯಬೇಕು. ಕತ್ತಿಯ ಪರೀಕ್ಷೆ ಪ್ರತಿ ಪೀಪಾಯಿಗೂ ಆಗಲಿ. ಹಳೆಯ, ಗಾಳಿಗೆ ಸತ್ತ ಸುಣ್ಣದಲ್ಲಿ ಉಳಿತಾಯ ಮಾಡುವುದು ಬೇಡ.

(3) ಆ ದಿನಕ್ಕೆ ಬೇಕಾದಷ್ಟೇ ಬೆರೆಸಿರಿ. ಮಿಕ್ಕ ದ್ರಾವಣ ಮರುದಿನಕ್ಕೆ ಆಗದು, ಹಳ್ಳಕ್ಕಂತೂ ಆಗಲೇ ಆಗದು.

(4) ಪೀಪಾಯಿ, ಪಂಪನ್ನು ಸ್ವಲ್ಪ ಸ್ವಲ್ಪ ನೀರಿನಲ್ಲಿ ಮೂರು ಸಲ ತೊಳೆದು, ಆ ನೀರನ್ನು ಮುಂದಿನ ಪೀಪಾಯಿಗೇ ಸೇರಿಸಿರಿ. ಕೊನೆಯ ತೊಳೆನೀರನ್ನು ಒಂದೇ ಕಡೆ ಸುರಿಯದೆ, ಸೊಪ್ಪು ಹಾಸಿದ ತೋಟದ ಮಣ್ಣಿನ ಮೇಲೆ ಹರಡಿರಿ. ಮೈಲುತುತ್ತದ ಖಾಲಿ ಚೀಲವನ್ನು ಹಳ್ಳದಲ್ಲಿ ತೊಳೆಯಬೇಡಿರಿ.

(5) ಹಳ್ಳದ ಅಂಚಿನ ಒಂದೆರಡು ಸಾಲು ಮರಗಳಿಗೆ ಸಾಧ್ಯವಾದವರು ಔಷಧಿಯ ಬದಲು ಕೊಟ್ಟೆ ಕಟ್ಟಿಸಬಹುದು. ಮೋಡ ಕವಿದು ಮಳೆ ಬರುವಂತಿದ್ದರೆ ಆ ಹೊತ್ತು ಔಷಧಿ ಬೇಡ. ತೊಳೆದು ಹೋದರೆ ನಮ್ಮ ಹಣವೂ ಹಳ್ಳದ ಪಾಲು.

(6) ತೋಟದ ಬಸಿಗಾಲುವೆಯನ್ನು ನೇರವಾಗಿ ಹಳ್ಳಕ್ಕೆ ಬಿಡದೆ, ಕೊನೆಯಲ್ಲಿ ಒಂದು ಗುಂಡಿ ತೋಡಿ ಮಣ್ಣು ತಂಗುವಂತೆ ಮಾಡಿರಿ. ಹಳ್ಳದ ದಂಡೆಯ ಹುಲ್ಲು, ಮುಂಡಿಗೆ, ಕಾಡುಗಿಡಗಳನ್ನು ಸವರಬೇಡಿರಿ. ಕೊಳೆತ ಎಲೆಯ ಸಾರ ನೀರಿನ ತಾಮ್ರವನ್ನು ಕಟ್ಟಿಹಾಕಿ ಮೀನಿನ ಮೂಗನ್ನು ಕಾಯುತ್ತದೆಂದು ಪ್ರಯೋಗಗಳು ಹೇಳುತ್ತವೆ. ನೀರು ಗಡಸು ಎಂಬುದರಿಂದ ಮಾತ್ರ ಅಂಥ ರಕ್ಷಣೆ ಸಿಗದು.

(7) ಪಲ್ಪಿಂಗ್ ನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಹದಗೊಳಿಸದೆ ಹೊರಗೆ ಬಿಡಬಾರದು.

ಸಂಘಕ್ಕೂ ಇದರಲ್ಲಿ ಪಾಲಿದೆ. ಮೈಲುತುತ್ತ ಮಾರಿದ ಕೈಗೆ ಅದರ ಬಳಕೆಯ ಹೊಣೆಯೂ ಇರುತ್ತದೆ. ಈ ಸಲದಿಂದ ಮೈಲುತುತ್ತದ ಪ್ರತಿ ಚೀಲದೊಡನೆ ಮೇಲಿನ ಸೂಚನೆಗಳ ಚೀಟಿಯೊಂದನ್ನು ಕೊಡುವ ಪ್ರಸ್ತಾಪವನ್ನು ಆಡಳಿತ ಮಂಡಲಿಯ ಮುಂದೆ ಇಡಲಿದ್ದೇವೆ. ಔಷಧಿ ಹೊಡೆಯುವ ಕೊನೆಗಾರರಿಗೂ ಇದನ್ನು ಓದಿ ಹೇಳಬೇಕು. ಸಂಜೆ ಪೀಪಾಯಿ ತೊಳೆಯುವವರು ಅವರು, ನಾವಲ್ಲ.

ಈ ವಾರ ಮೇಲವಂಕಿಗೆ ಫೋನು ಮಾಡಿದ್ದೆವು. ಮೂರು ವಾರ ಕಳೆದ ಮೇಲೆ ಮೀನು ಮತ್ತೆ ಹಿಂಡಿಗೆ ಏಳತೊಡಗಿವೆಯಂತೆ. “ಅರ್ಧಾನೂ ಉಳದಿಲ್ಲಪಾ, ಉಳದಾವು ಮಾತ್ರ ಶಾಣ್ಯಾ ಆಗ್ಯಾವು,” ಎಂದು ನಕ್ಕರು. ಈಗ ಪಾಚಿಯನ್ನು ಬಲೆಯಿಂದಲೇ ಎಳೆಸುತ್ತಿದ್ದಾರೆ. ಕಬ್ಬಿನ ಗದ್ದೆಯ ಗೊಬ್ಬರದ ನೀರು ಹೊಂಡಕ್ಕೆ ಇಳಿಯದಂತೆ ಒಡ್ಡು ಹಾಕಿದ್ದಾರೆ. ಕಡೆಗೆ, “ನಿಮ್ಮ ಹಳ್ಳದ ಸುದ್ದಿ ಹೇಳಲೇ ಇಲ್ಲ” ಎಂದರು.

ಈ ಸಲ ನಮ್ಮ ತೋಟದಲ್ಲಿ ಔಷಧಿ ಬೆರೆಸುವ ಕಟ್ಟೆಯನ್ನು ಮೇಲಿನ ಅಂಗಳಕ್ಕೆ ಸಾಗಿಸಿದ್ದೇವೆ. ನೀರಿಗೆ ಪೈಪು ಎಳೆಯಲು ಎರಡು ಆಳಿನ ಕೂಲಿ ಹೆಚ್ಚಾಯಿತು. ಹಳ್ಳದಲ್ಲಿ ಮೀನು ಹೆಚ್ಚಾಯಿತೇ ಎಂದು ತಿಳಿಯಲು ಒಂದೆರಡು ಮಳೆಗಾಲವಾದರೂ ಬೇಕು. ಸದಸ್ಯರು ತಮ್ಮ ತಮ್ಮ ಹಳ್ಳಗಳಲ್ಲಿ ಮೊದಲು ಯಾವ ಮೀನು ಇದ್ದವು, ಈಗ ಯಾವುವು ಉಳಿದಿವೆ, ಮೊದಲ ಮಳೆಗೆ ಹತ್ತುಮೀನು ಏರುತ್ತವೆಯೇ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಸಂಘದ ಕಛೇರಿಗೆ ತಲುಪಿಸಬೇಕಾಗಿ ವಿನಂತಿ. ಬಂದ ಪತ್ರಗಳನ್ನು ದೀಪಾವಳಿಯ ಸಂಚಿಕೆಯಲ್ಲಿ ಒಟ್ಟುಗೂಡಿಸಿ ಕೊಡುತ್ತೇವೆ. ಅದರ ಒಂದು ಪ್ರತಿಯನ್ನು ಮೇಲವಂಕಿಗೂ ಕಳುಹಿಸುವುದಿದೆ.

— ಕಾರ್ಯದರ್ಶಿ